ಗುಸ್ತಾರ್ ತಲೆಕೆಳಗಾಗಿಲ್ಲ, ನಮ್ಮ ಪಾಠ ತಲೆಕೆಳಗಾಗಿದೆ

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಸಂಜೆ ತರಗತಿಗೆ ಸ್ಪ್ಯಾನಿಷ್ ಕಲಿಯೋಕೆ ಹೋಗ್ತಿದ್ದೆ. ವಾರಕ್ಕೆ ಮೂರು ದಿನ, ಆಫೀಸು ಮುಗಿಸಿಕೊಂಡು, ಎರಡು ಬಸ್ಸು ಬದಲಾಯಿಸಿ. ಹದಿನಾರು ಜನ ಇದ್ವಿ. ಕನ್ನಡದೋರು ಏಳೆಂಟು ಜನ, ಉಳಿದಂತೆ ತಮಿಳು, ತೆಲುಗು, ಮಲಯಾಳ, ಮರಾಠಿ, ಹಿಂದಿಯವರು. ಇಂಗ್ಲಿಷ್ ಮನೆಮಾತಾಗಿದ್ದೋರು ಒಬ್ಬರೂ ಇರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇಡೀ ಲೇಖನ ಇದರ ಮೇಲೇ ನಿಂತಿದೆ.

ನನ್ನ ಪಕ್ಕ ಕೂರುತ್ತಿದ್ದವನು ತಿಪಟೂರು ಕಡೆಯ ಹುಡುಗ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ., ಒಂದು ಕಂಪನಿಯಲ್ಲಿ ಲೆಕ್ಕದ ಕೆಲಸ. ಸ್ಪ್ಯಾನಿಷ್ ಬಂದ್ರೆ ಮೆಕ್ಸಿಕೋ ಕಡೆಯ ಗ್ರಾಹಕರ ವಿಭಾಗಕ್ಕೆ ಹಾಕ್ತಾರೆ, ಸಂಬಳ ಜಾಸ್ತಿ ಆಗುತ್ತೆ ಅಂತ ಸೇರಿದ್ದ. ಕೈಯಿಂದ ಫೀಸು ಕಟ್ಟಿದ್ದ. ಮೊದಲ ಐದು ವಾರ ನಮಗೆಲ್ಲರಿಗಿಂತ ಅವನೇ ಮುಂದಿದ್ದ. ಸ್ಪ್ಯಾನಿಷ್‌ನ ತ, ದ ಎಲ್ಲ ನಮ್ಮ ತ, ದ ಇದ್ದ ಹಾಗೇ ಇವೆ, ಬರೆದ ಹಾಗೇ ಓದೋದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ‘ಟ’ಕಾರ ಹಾಕಿ ಒದ್ದಾಡುತ್ತಿದ್ದಾಗ ಇವನು ಸಲೀಸಾಗಿ ಓದುತ್ತಿದ್ದ.

ಆರನೇ ವಾರ ‘ಗುಸ್ತಾರ್’ ಬಂತು.

ಮೇಷ್ಟ್ರು ಬೋರ್ಡಿನ ಮೇಲೆ ‘ಐ ಲೈಕ್ ಕಾಫಿ’ ಅಂತ ಬರೆದರು. ಅದರ ಕೆಳಗೆ ‘ಮೆ ಗುಸ್ತಾ ಎಲ್ ಕಾಫೆ’. ಆಮೇಲೆ ಒಂದರಿಂದ ಇನ್ನೊಂದಕ್ಕೆ ಅಡ್ಡಡ್ಡ ಬಾಣ ಎಳೆದರು. ಇಲ್ಲಿ ಕರ್ತೃ ಆಗಿದ್ದು ಅಲ್ಲಿ ಕರ್ಮ ಆಗುತ್ತೆ, ಇಲ್ಲಿ ಕರ್ಮ ಆಗಿದ್ದು ಅಲ್ಲಿ ಕರ್ತೃ ಆಗುತ್ತೆ, ಇದು ಉಲ್ಟಾ ಕ್ರಿಯಾಪದ, ಸ್ಪ್ಯಾನಿಷ್‌ನಲ್ಲಿ ಅತಿ ಕಷ್ಟದ ಭಾಗ ಇದೇ, ನಿಮ್ಮ ತಲೆಯನ್ನು ಪೂರ್ತಿ ತಿರುಗಿಸಬೇಕಾಗುತ್ತೆ ಅಂತ ಇಂಗ್ಲಿಷಿನಲ್ಲಿ ಮುಕ್ಕಾಲು ಗಂಟೆ ವಿವರಿಸಿದರು. ವಿವರಿಸಿದಷ್ಟೂ ಗೋಜಲು ಜಾಸ್ತಿ ಆಯ್ತು. ನಮ್ಮ ತಿಪಟೂರಿನವನನ್ನು ಎಬ್ಬಿಸಿ ‘ಐ ಲೈಕ್ ಮ್ಯಾಂಗೋಸ್’ ಅನ್ನೋದನ್ನು ಸ್ಪ್ಯಾನಿಷ್‌ಗೆ ಹಾಕು ಅಂದರು. ಅವನು ‘ಯೊ ಗುಸ್ತೊ’ ಅಂತ ಶುರು ಮಾಡಿದ. ನಕ್ಕರು. ಮೊದಲು ಇಂಗ್ಲಿಷ್ ವಾಕ್ಯವನ್ನು ಸರಿಯಾಗಿ ಅರ್ಥ ಮಾಡಿಕೋ ಅಂತ ಮೇಷ್ಟ್ರು ಕೂರಿಸಿದರು.

ಕ್ಲಾಸು ಬಿಟ್ಟ ಮೇಲೆ ಕೆಳಗಿನ ಅಂಗಡಿಯಲ್ಲಿ ಟೀ ಕುಡೀತಾ ಅವನು ಹೇಳಿದ್ದು ಇಷ್ಟು: “ನಂಗೆ ಇಂಗ್ಲಿಷೇ ಸರಿಯಾಗಿ ಬರಲ್ಲ ಸಾರ್. ಇನ್ನು ಸ್ಪ್ಯಾನಿಷ್ ಎಲ್ಲಿಂದ ಬರುತ್ತೆ ಬಿಡಿ. ನಂಗೆ ಇದೆಲ್ಲ ಹಿಡಿಸಲ್ಲ.”

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಅವತ್ತು ನನಗೂ ಹೊಳೆಯಲಿಲ್ಲ, ಆದರೆ ಈಗ ಅವನ ಮಾತನ್ನು ಮತ್ತೊಮ್ಮೆ ಓದಿ. ‘ನಂಗೆ ಬರಲ್ಲ’, ‘ನಂಗೆ ಹಿಡಿಸಲ್ಲ’. ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಕೊರೆದರೂ ಯಾವ ವಾಕ್ಯರಚನೆ ಅವನ ತಲೆಗೆ ಹೋಗಲಿಲ್ಲ ಅಂತ ಮೇಷ್ಟ್ರು ತೀರ್ಮಾನಿಸಿದರೋ, ಅದೇ ರಚನೆಯನ್ನು ಅವನು ಟೀ ಅಂಗಡಿಯಲ್ಲಿ ನಿಂತು, ಒಂದು ತಪ್ಪಿಲ್ಲದೆ, ಎರಡು ಸಲ ಬಳಸಿದ್ದ. ತನಗೆ ಇದು ಬರೋದಿಲ್ಲ ಅಂತ ಹೇಳೋದಕ್ಕೇ ಬಳಸಿದ್ದ!

ಗುಸ್ತಾರ್ ಅಂದ್ರೆ ಏನು ನೋಡೋಣ. ‘ಮೆ’ ಅಂದರೆ ನನಗೆ. ‘ಗುಸ್ತಾ’ ಅಂದರೆ ಹಿಡಿಸುತ್ತೆ. ‘ಎಲ್ ಕಾಫೆ’ ಅಂದರೆ ಕಾಫಿ. ನನಗೆ ಹಿಡಿಸುತ್ತೆ ಕಾಫಿ. ಅಷ್ಟೇ ಕಣ್ರೀ. ಬಾಣ ಬೇಡ, ತಲೆ ತಿರುಗಿಸೋದು ಬೇಡ. ‘ನಿನಗೆ’ ಅನ್ನೋಕೆ ‘ತೆ’, ‘ಅವನಿಗೆ, ಅವಳಿಗೆ, ನಿಮಗೆ’ ಅನ್ನೋಕೆ ‘ಲೆ’, ‘ನಮಗೆ’ ಅನ್ನೋಕೆ ‘ನೋಸ್’, ‘ಅವರಿಗೆ’ ಅನ್ನೋಕೆ ‘ಲೆಸ್’. ನಮ್ಮ ಚತುರ್ಥೀ ವಿಭಕ್ತಿ, ಆ ‘ಗೆ’, ‘ಇಗೆ’, ‘ಕ್ಕೆ’ ಮಾಡೋ ಕೆಲಸವನ್ನೇ ಈ ಪುಟ್ಟ ಪದಗಳು ಮಾಡ್ತವೆ.

ಇನ್ನೂ ಮುಂದಕ್ಕೆ ಹೋಗಿ. ಗುಸ್ತಾರ್ ಪಾಠದಲ್ಲಿ ಎರಡನೇ ‘ಕಷ್ಟ’ ಅಂತ ಹೇಳೋದು, ಕ್ರಿಯಾಪದ ಇಷ್ಟಪಟ್ಟವರ ಜೊತೆ ಹೊಂದೋದಿಲ್ಲ, ಇಷ್ಟವಾದ ವಸ್ತುವಿನ ಜೊತೆ ಹೊಂದುತ್ತೆ ಅನ್ನೋದು. ಕಾಫಿ ಒಂದಾದರೆ ‘ಗುಸ್ತಾ’, ಮಾವಿನಹಣ್ಣುಗಳು ಹಲವಾದರೆ ‘ಗುಸ್ತಾನ್’. ಇದನ್ನು ಕೇಳಿ ನಮ್ಮ ತರಗತಿಯಲ್ಲಿ ಎಲ್ಲರೂ ಹೌಹಾರಿದರು. ಯಾಕೆ ಹೌಹಾರಬೇಕು? ‘ನನಗೆ ಆ ಊರು ಹಿಡಿಸಿತು’, ‘ನನಗೆ ಆ ಹಾಡುಗಳು ಹಿಡಿಸಿದವು’, ‘ನನಗೆ ಆ ಜನ ಹಿಡಿಸಿದರು’. ಹಿಡಿಸಿತು, ಹಿಡಿಸಿದವು, ಹಿಡಿಸಿದರು. ಕನ್ನಡದ ಕ್ರಿಯಾಪದ ಯಾವುದರ ಜೊತೆ ಹೊಂದಿಕೊಂಡಿತು? ಊರು, ಹಾಡು, ಜನರ ಜೊತೆ ತಾನೇ? ‘ನನಗೆ ಆ ಊರು ಹಿಡಿಸಿದೆನು’ ಅಂತ ಯಾರಾದರೂ ಹೇಳ್ತಾರಾ? ‘ಗುಸ್ತೊ’, ‘ಗುಸ್ತಾರೊನ್’ ಅನ್ನೋ ಸ್ಪ್ಯಾನಿಷ್ ಭೂತಕಾಲದ ಜೋಡಿಯೂ ಹಿಡಿಸಿತು, ಹಿಡಿಸಿದವು ಅನ್ನೋ ನಮ್ಮ ಜೋಡಿಯೂ ಒಂದೇ ಲೆಕ್ಕದಲ್ಲಿ ನಡೀತವೆ.

ಹಾಗಾದರೆ ‘ಯೊ ಗುಸ್ತೊ’ ಯಾಕೆ ತಪ್ಪು ಅನ್ನೋದನ್ನೂ ಕನ್ನಡದಲ್ಲಿ ಒಂದೇ ಮಾತಲ್ಲಿ ಹೇಳಬಹುದಿತ್ತು. ಅದರರ್ಥ ಹತ್ತಿರಹತ್ತಿರ ‘ನಾನು ಹಿಡಿಸುತ್ತೇನೆ’ ಅಂತ ಆಗುತ್ತೆ. ಮಾವಿನಹಣ್ಣಿನ ಬಗ್ಗೆ ಕೇಳಿದರೆ ‘ನಾನು ಜನಕ್ಕೆ ಹಿಡಿಸ್ತೀನಿ’ ಅಂತ ಉತ್ತರ ಕೊಟ್ಟ ಹಾಗೆ. ಇದನ್ನು ಕೇಳಿದ್ದರೆ ಆ ಹುಡುಗ ತಾನೇ ಮೊದಲು ನಗುತ್ತಿದ್ದ, ಜನ್ಮದಲ್ಲಿ ಮರೀತಿರಲಿಲ್ಲ.

ಇನ್ನೊಂದು ಉದಾಹರಣೆ ಕೊಡ್ತೀನಿ, ಇದು ನನಗೆ ತುಂಬಾ ಇಷ್ಟವಾದದ್ದು. ಯಾರಾದರೂ ‘ನಂಗೆ ಕಾಫಿ ಇಷ್ಟ’ ಅಂದರೆ ನೀವು ಏನಂತೀರಿ? ‘ನಂಗೂ’ ಅಂತೀರಿ. ‘ನಾನು ದಿನಾ ಕಾಫಿ ಕುಡೀತೀನಿ’ ಅಂದರೆ? ‘ನಾನೂ’ ಅಂತೀರಿ. ‘ನಂಗೂ’, ‘ನಾನೂ’ ಇವೆರಡನ್ನು ಅದಲುಬದಲು ಮಾಡೋ ಕನ್ನಡಿಗ ಇನ್ನೂ ಹುಟ್ಟಿಲ್ಲ. ಮೂರು ವರ್ಷದ ಮಗುವೂ ಸರಿಯಾಗಿ ಹೇಳುತ್ತೆ. ಸ್ಪ್ಯಾನಿಷ್‌ನಲ್ಲೂ ಹಾಗೇ. ಮೊದಲನೆಯದಕ್ಕೆ ‘ಆ ಮಿ ತಾಂಬ್ಯೆನ್’, ಎರಡನೆಯದಕ್ಕೆ ‘ಯೊ ತಾಂಬ್ಯೆನ್’. ನನಗೂ, ನಾನೂ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಮಿ ಟೂ’ ಅಂದುಬಿಡ್ತಾರೆ, ಹಾಗಾಗಿ ಅವರಿಗೆ ಇದು ಒಂದು ಪ್ರತ್ಯೇಕ ಅಧ್ಯಾಯ. ಅಭ್ಯಾಸದ ಪುಟಗಳು, ಖಾಲಿ ಬಿಟ್ಟ ಜಾಗಗಳು, ಪರೀಕ್ಷೆಯಲ್ಲಿ ಅಂಕ. ಇಂಗ್ಲಿಷಿನವರಿಗೆ ಬೇಕಾದ ಔಷಧಿಯನ್ನು ನಮಗೆ ಕುಡಿಸಿ, ಆಮೇಲೆ ನಮಗೂ ಆ ಕಾಯಿಲೆ ಬರಿಸಿ ಕಳಿಸ್ತಾರೆ. ನಮ್ಮ ತರಗತಿಯಲ್ಲಿ ಕನ್ನಡದೋರೇ ‘ಆ ಮಿ’ ಅನ್ನಬೇಕಾದ ಕಡೆ ‘ಯೊ’ ಅಂತಿದ್ದರು. ಯಾಕೆಂದರೆ ಅವರ ತಲೆಯಲ್ಲಿ ಕನ್ನಡವನ್ನು ಮುಚ್ಚಿಟ್ಟು ಇಂಗ್ಲಿಷಿನಿಂದ ಶುರು ಮಾಡಿ ಅಂತ ಹೇಳಲಾಗಿತ್ತು.

ಗುಸ್ತಾರ್ ಒಂಟಿ ಅಲ್ಲ, ಅದರ ಹಿಂದೆ ಒಂದು ದೊಡ್ಡ ಬಳಗವೇ ಇದೆ. ‘ಮೆ ದುಯೆಲೆ ಲಾ ಕಾಬೆಸಾ’, ನನಗೆ ತಲೆ ನೋಯ್ತಿದೆ. ಎರಡೂ ಕಾಲು ನೋಯ್ತಿದ್ದರೆ ‘ದುಯೆಲೆ’ ಹೋಗಿ ‘ದುಯೆಲೆನ್’ ಆಗುತ್ತೆ, ನಮ್ಮಲ್ಲಿ ನೋಯುತ್ತಿದೆ ಹೋಗಿ ನೋಯುತ್ತಿವೆ ಆದ ಹಾಗೆ. ‘ಮೆ ಪಾರೆಸೆ ಬಿಯೆನ್’, ನನಗೆ ಸರಿ ಅನ್ನಿಸುತ್ತೆ. ‘ಸೆ ಮೆ ಒಲ್ವಿದೊ’, ನನಗೆ ಮರೆತುಹೋಯ್ತು. ಈ ಕೊನೆಯದನ್ನು ಗಮನಿಸಿ. ಬೀಗದ ಕೈ ಬಿಟ್ಟು ಬಂದಾಗ ನಾವು ‘ನಾನು ಮರೆತೆ’ ಅನ್ನೋದಕ್ಕಿಂತ ‘ನಂಗೆ ಮರೆತೇ ಹೋಯ್ತು’ ಅಂತೀವಲ್ಲ, ಬೇಕಂತ ಮಾಡಿದ್ದಲ್ಲ, ತಾನಾಗಿ ಆಗಿಹೋಯ್ತು ಅನ್ನೋ ಆ ಸಣ್ಣ ಜಾರಿಕೆ, ಅದು ಹಾಗೇ ಮ್ಯಾಡ್ರಿಡ್‌ನಲ್ಲೂ ಇದೆ, ಮೆಕ್ಸಿಕೋದಲ್ಲೂ ಇದೆ. ಇಂಗ್ಲಿಷಿನ ಮೂಲಕ ಇದನ್ನು ವಿವರಿಸೋಕೆ ಪುಸ್ತಕದವರು ಅರ್ಧ ಪುಟ ತಗೋತಾರೆ. ಕನ್ನಡದಲ್ಲಿ ಎರಡು ಪದ ಸಾಕು.

ಸರಿ, ‘ಉಲ್ಟಾ’ ಅನ್ನೋ ಆ ಪದಕ್ಕೆ ಬರೋಣ. ಯಾರ ಲೆಕ್ಕದಲ್ಲಿ ಉಲ್ಟಾ? ಇಟಾಲಿಯನ್ನರು ‘ಮಿ ಪಿಯಾಚೆ’ ಅಂತಾರೆ, ನನಗೆ ಹಿಡಿಸುತ್ತೆ. ಜರ್ಮನರು ‘ಮಿರ್ ಗೆಫೆಲ್ಟ್’ ಅಂತಾರೆ, ನನಗೆ ಹಿಡಿಸುತ್ತೆ. ರಷ್ಯನ್ನರು ‘ಮ್ನ್ಯೆ ನ್ರಾವಿತ್ಸ್ಯಾ’ ಅಂತಾರೆ, ಅದೂ ನನಗೆ. ಹಿಂದಿಯ ‘ಮುಝೇ ಪಸಂದ್ ಹೈ’, ತಮಿಳಿನ ‘ಎನಕ್ಕು ಪಿಡಿಕ್ಕುಂ’, ತೆಲುಗಿನ ‘ನಾಕು ಇಷ್ಟಂ’, ಮಲಯಾಳದ ‘ಎನಿಕ್ಕ್ ಇಷ್ಟಮಾಣ್’, ನಮ್ಮ ಕರಾವಳಿಯ ತುಳುವಿನ ‘ಎಂಕ್ ಇಷ್ಟ’, ಎಲ್ಲವೂ ‘ನನಗೆ’. ಮರಾಠಿಯಂತೂ ಗುಸ್ತಾರ್‌ನ ಖಾಸಾ ತಮ್ಮ. ಒಂದು ಮಾವಿನಹಣ್ಣಾದರೆ ‘ಮಲಾ ಆಂಬಾ ಆವಡತೋ’, ಹಲವಾದರೆ ‘ಮಲಾ ಆಂಬೇ ಆವಡತಾತ್’. ನಮ್ಮ ತರಗತಿಯಲ್ಲಿ ಇದ್ದದ್ದು ಇವೇ ಭಾಷೆಗಳು. ಹದಿನಾರಕ್ಕೆ ಹದಿನಾರು ಜನರ ಮನೆಮಾತಿನಲ್ಲೂ ಗುಸ್ತಾರ್‌ನ ದಾರಿ ಇತ್ತು. ಆ ದಾರಿ ಇಲ್ಲದ ಒಂದೇ ಒಂದು ಭಾಷೆ ಆ ಕೋಣೆಯಲ್ಲಿ ಇತ್ತು, ಅದು ಬೋರ್ಡಿನ ಮೇಲಿತ್ತು.

ತಮಾಷೆ ಏನು ಗೊತ್ತಾ? ಇಂಗ್ಲಿಷ್ ಕೂಡ ಮೊದಲು ಹೀಗೇ ಇತ್ತು. ಇವತ್ತಿನ ‘ಲೈಕ್’ ಪದದ ಹಳೆಯ ರೂಪ ‘ಲೀಕಿಯನ್’. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಹಿಡಿಸು ಅಂತಲೇ ಅರ್ಥ, ಯಾರಿಗೆ ಹಿಡಿಸಿತೋ ಅವರು ಚತುರ್ಥಿಯಲ್ಲೇ ಇರುತ್ತಿದ್ದರು. ಶತಮಾನಗಳು ಕಳೆದ ಹಾಗೆ ಇಂಗ್ಲಿಷ್ ತನ್ನ ವಿಭಕ್ತಿ ಪ್ರತ್ಯಯಗಳನ್ನು ಉದುರಿಸಿಕೊಂಡಿತು, ‘ನನಗೆ’ ಇದ್ದ ಜಾಗಕ್ಕೆ ‘ನಾನು’ ಬಂದು ಕೂತಿತು. ‘ಮಿಥಿಂಕ್ಸ್’ ಅನ್ನೋ ಹಳೇ ಪದ ನಾಟಕಗಳಲ್ಲಿ ಓದಿರ್ತೀರಿ, ಅದು ‘ನನಗೆ ಅನ್ನಿಸುತ್ತೆ’ಯ ಪಳೆಯುಳಿಕೆ. ಅಂದರೆ ತಿರುಗಿ ಕೂತದ್ದು ಇಂಗ್ಲಿಷ್. ಸ್ಪ್ಯಾನಿಷ್ ಅಲ್ಲ, ಕನ್ನಡವಂತೂ ಅಲ್ಲವೇ ಅಲ್ಲ. ತಿರುಗಿ ಕೂತವನು ಉಳಿದವರನ್ನೆಲ್ಲ ನೋಡಿ ‘ನೀವ್ಯಾಕೆ ಆ ಕಡೆ ಮುಖ ಮಾಡಿದ್ದೀರಿ’ ಅಂತ ಕೇಳಿದರೆ ನಾವು ತಲೆಯಾಡಿಸಿ ನೋಟ್ಸು ಬರ್ಕೋತೀವಿ.

ಸ್ಪ್ಯಾನಿಷ್ ಕಡೆಯ ಕಥೆಯೂ ಸ್ವಾರಸ್ಯವಾಗಿದೆ. ಗುಸ್ತಾರ್ ಬಂದಿದ್ದು ಲ್ಯಾಟಿನ್ನಿನ ‘ಗುಸ್ತಾರೆ’ಯಿಂದ, ಅದಕ್ಕೆ ರುಚಿ ನೋಡು ಅಂತ ಅರ್ಥ. ರುಚಿಯಿಂದ ಇಷ್ಟಕ್ಕೆ ಹೋದ ದಾರಿ ಅದು. ನಮ್ಮಲ್ಲಿ? ‘ಊಟ ರುಚಿಸಲಿಲ್ಲ’ ಅಂತೀವಿ, ‘ಅವನ ಮಾತು ನನಗೆ ರುಚಿಸಲಿಲ್ಲ’ ಅಂತಲೂ ಅಂತೀವಿ. ನಾಲಿಗೆಯಿಂದ ಮನಸ್ಸಿಗೆ, ಅದೇ ದಾರಿ. ಹಾಗಲಕಾಯಿ ಮುಂದಿಟ್ಟರೆ ಮಕ್ಕಳು ‘ನಂಗೆ ಸೇರಲ್ಲ’ ಅಂತಾವೆ, ಅಲ್ಲೂ ಮೊದಲು ಬರೋದು ‘ನಂಗೆ’ಯೇ.

ಇನ್ನು ವ್ಯಾಕರಣದ ಮಾತಿಗೆ ಬಂದರೆ, ರುಚಿಸು ಅನ್ನೋ ಅರ್ಥದ ಧಾತುಗಳಿದ್ದಾಗ ಯಾರಿಗೆ ರುಚಿಸಿತೋ ಅವನನ್ನು ‘ಸಂಪ್ರದಾನ’ ಅಂತ ಕರೀಬೇಕು ಅಂತ ಪಾಣಿನಿ ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೇ ಪಾದದಲ್ಲಿ ಒಂದು ಸೂತ್ರವನ್ನೇ ಇಟ್ಟಿದ್ದಾನೆ. ವ್ಯಾಖ್ಯಾನಕಾರರ ಉದಾಹರಣೆಯಲ್ಲಿ ದೇವದತ್ತ ಅನ್ನೋನಿಗೆ ಮೋದಕ ಹಿಡಿಸುತ್ತೆ. ಯುರೋಪಿನ ಆಡುಭಾಷೆಗಳಲ್ಲಿ ಮೊದಲು ಅಚ್ಚಾದ ವ್ಯಾಕರಣ ಅಂತ ಹೆಸರಾದ ಆಂತೋನಿಯೊ ದೆ ನೆಬ್ರಿಹಾನ ಸ್ಪ್ಯಾನಿಷ್ ವ್ಯಾಕರಣ ಬಂದಿದ್ದು 1492ರಲ್ಲಿ. ನಮ್ಮ ಕೇಶಿರಾಜ ಶಬ್ದಮಣಿದರ್ಪಣ ಬರೆದದ್ದು 13ನೇ ಶತಮಾನದಲ್ಲಿ. ಇದನ್ನು ಎದೆ ತಟ್ಟಿಕೊಳ್ಳೋಕೆ ಹೇಳ್ತಿಲ್ಲ. ಹೈಸ್ಕೂಲಿನಲ್ಲಿ ‘ಚತುರ್ಥೀ, ಗೆ, ಇಗೆ, ಕ್ಕೆ, ಸಂಪ್ರದಾನ’ ಅಂತ ಬಾಯಿಪಾಠ ಮಾಡಿದ ಹುಡುಗನ ಕೈಯಲ್ಲಿ ಗುಸ್ತಾರ್‌ನ ಬೀಗದ ಕೈ ಆಗಲೇ ಇತ್ತು, ಅದನ್ನು ಜೇಬಿನಿಂದ ತೆಗಿ ಅಂತ ಹೇಳೋರು ಇರಲಿಲ್ಲ ಅನ್ನೋದಕ್ಕೆ ಹೇಳ್ತಿದ್ದೀನಿ. ಕನ್ನಡವನ್ನು ಸಂಸ್ಕೃತದ ಅಚ್ಚಿನಲ್ಲಿಟ್ಟು ನೋಡಬೇಡಿ ಅಂತ ಡಿ.ಎನ್. ಶಂಕರಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕವನ್ನೇ ಬರೆದರು. ಅವರ ಎಲ್ಲ ಮಾತನ್ನು ಒಪ್ಪಿ, ಬಿಡಿ. ಆದರೆ ಪಕ್ಕದ ಮನೆಯ ಅಳತೆಗೋಲಿನಿಂದ ನಮ್ಮ ಮನೆ ಅಳೆಯೋ ಚಾಳಿಯನ್ನು ನಾವು ಬಿಟ್ಟಿಲ್ಲ, ಅಳತೆಗೋಲು ಮಾತ್ರ ಬದಲಾಗಿದೆ.

ಈಗ ಎದುರು ವಾದಗಳು. ಬರ್ತವೆ ಅಂತ ಗೊತ್ತು, ಹಾಗಾಗಿ ನಾನೇ ಹೇಳಿಬಿಡ್ತೀನಿ.

‘ಕನ್ನಡವೂ ಸ್ಪ್ಯಾನಿಷ್ಷೂ ಒಂದೇ ಅಲ್ಲವಲ್ಲ?’ ಖಂಡಿತ ಅಲ್ಲ. ಒಂದೇ ಅಂತ ಹೇಳಿದರೆ ನಾನೂ ಆ ಮೇಷ್ಟ್ರ ಹಾಗೇ ಆಗ್ತೀನಿ. ವ್ಯತ್ಯಾಸಗಳಿವೆ. ಕನ್ನಡದಲ್ಲಿ ‘ರವಿಗೆ ಕಾಫಿ ಇಷ್ಟ’ ಅಂದರೆ ಮುಗೀತು. ಸ್ಪ್ಯಾನಿಷ್‌ನಲ್ಲಿ ‘ಆ ರವಿ ಲೆ ಗುಸ್ತಾ ಎಲ್ ಕಾಫೆ’ ಅನ್ನಬೇಕು. ಅಂದರೆ ‘ರವಿಗೆ, ಅವನಿಗೆ ಹಿಡಿಸುತ್ತೆ ಕಾಫಿ’. ಹೆಸರು ಹೇಳಿದ ಮೇಲೂ ಆ ‘ಲೆ’ಯನ್ನು ಬಿಡೋ ಹಾಗಿಲ್ಲ. ಇದು ನಮಗೆ ಹೊಸದು. ‘ಕಾಫೆ’ ಮುಂದೆ ‘ಎಲ್’ ಬೇಕೇ ಬೇಕು, ಅದೂ ಹೊಸದು. ನಾವು ಹೆಚ್ಚಾಗಿ ಬಳಸೋ ‘ಇಷ್ಟ’ ನಾಮಪದ, ಅದು ಏಕವಚನ ಬಹುವಚನ ಅಂತ ಬದಲಾಗಲ್ಲ. ಹಾಗಾಗಿ ಪಾಠಕ್ಕೆ ‘ಹಿಡಿಸು’ವನ್ನೇ ಹಿಡಿಯಬೇಕು. ಓದೋದು, ಬರೆಯೋದು ಎರಡೂ ಇಷ್ಟ ಅಂದರೂ ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದ ಏಕವಚನದಲ್ಲೇ ಇರುತ್ತೆ ಅನ್ನೋದನ್ನು ಹೇಳಿಕೊಡಬೇಕು. ಇವೆಲ್ಲ ನಿಜವಾದ ಕಷ್ಟಗಳು. ಆ ಮುಕ್ಕಾಲು ಗಂಟೆ ಇವುಗಳಿಗೆ ಸಿಗಬೇಕಿತ್ತು. ನಮಗೆ ಕಷ್ಟವೇ ಅಲ್ಲದ್ದಕ್ಕೆ ಅದು ಖರ್ಚಾಯ್ತು.

ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದು ಕಡೆ ಇದೆ. ಕನ್ನಡ ‘ನನಗೆ’ಯ ಭಾಷೆ, ಸ್ಪ್ಯಾನಿಷ್‌ಗಿಂತ ಇನ್ನೂ ಜಾಸ್ತಿ. ನಮಗೆ ಹಸಿವಾಗುತ್ತೆ, ನಮಗೆ ಗೊತ್ತು, ನಮಗೆ ಬೇಕು. ಸ್ಪ್ಯಾನಿಷ್‌ನವರು ಇಲ್ಲೆಲ್ಲ ‘ನಾನು’ವಿಗೆ ಹೋಗಿಬಿಡ್ತಾರೆ. ಹಸಿವನ್ನು ‘ತೆಂಗೊ ಆಂಬ್ರೆ’ ಅಂತ, ಏನೋ ಆಸ್ತಿಯ ಹಾಗೆ ತಮ್ಮ ಹತ್ತಿರ ಇಟ್ಟುಕೊಂಡಿರ್ತಾರೆ. ಗೊತ್ತು ಅನ್ನೋದಕ್ಕೆ ‘ಸೆ’, ಬೇಕು ಅನ್ನೋದಕ್ಕೆ ‘ಕಿಯೆರೊ’, ಎರಡರಲ್ಲೂ ಕರ್ತೃ ‘ನಾನು’. ಕನ್ನಡಿಗನಿಗೆ ನಿಜವಾಗಿ ‘ಉಲ್ಟಾ’ ಅನ್ನಿಸಬೇಕಾದ ಜಾಗಗಳು ಇವು. ಇಲ್ಲಿ ಒಂದು ನಿಮಿಷ ನಿಂತು ಎಚ್ಚರಿಸಬೇಕು. ಆದರೆ ಯಾವ ಮೇಷ್ಟ್ರೂ ಎಚ್ಚರಿಸಲ್ಲ, ಯಾಕೆಂದರೆ ಇಂಗ್ಲಿಷಿನವರಿಗೆ ‘ಕಿಯೆರೊ’ ನೀರು ಕುಡಿದಷ್ಟು ಸುಲಭ. ಪುಸ್ತಕದಲ್ಲಿ ಯಾವುದು ಸುಲಭ, ಯಾವುದು ಕಷ್ಟ ಅಂತ ಹಾಕಿರೋ ಪಟ್ಟಿ ಇನ್ಯಾರದೋ ಮನೆಯ ಪಟ್ಟಿ. ಅದನ್ನು ನಮ್ಮ ಗೋಡೆಗೆ ಅಂಟಿಸಿಕೊಂಡು ನಮ್ಮ ಮಕ್ಕಳನ್ನು ಅಳೀತಿದ್ದೀವಿ.

‘ಮೇಷ್ಟ್ರಿಗೆ ಕನ್ನಡ ಬರಬೇಕಲ್ಲ? ತರಗತಿಯಲ್ಲಿ ಆರು ಭಾಷೆಯವರು ಇದ್ದರೆ ಏನು ಮಾಡೋದು?’ ಮೇಷ್ಟ್ರಿಗೆ ಕನ್ನಡ ಬರಬೇಕಾಗಿಲ್ಲ. ‘ನಿಮ್ಮ ಮನೆಮಾತಿನಲ್ಲಿ ಇದನ್ನು ಹೇಗೆ ಹೇಳ್ತೀರಿ, ನಾನು ಅಂತ ಶುರು ಮಾಡ್ತೀರಾ, ನನಗೆ ಅಂತಾನಾ?’ ಅನ್ನೋ ಒಂದು ಪ್ರಶ್ನೆ ಸಾಕು. ಎರಡು ನಿಮಿಷದ ಕೆಲಸ. ಹದಿನಾರು ಜನ ‘ನನಗೆ, ಎನಕ್ಕು, ನಾಕು, ಮಲಾ, ಮುಝೇ’ ಅಂತ ತಾವೇ ಕೂಗಿಬಿಡ್ತಾರೆ. ಅಲ್ಲಿಂದ ಮುಂದೆ ‘ಮೆ’ ಅಂದರೆ ಅದೇ ಅಂತ ಹೇಳಿದರೆ ಪಾಠದ ಅರ್ಧ ಮುಗೀತು.

‘ಈಗ ಭಾಷಾಂತರವೇ ಇಲ್ಲದೆ ನೇರವಾಗಿ ಕಲಿಸ್ತಾರೆ, ಮಧ್ಯೆ ಯಾವ ಭಾಷೆಯೂ ಬೇಡ.’ ಬಹಳ ಒಳ್ಳೇದು, ನಿಜವಾಗಿಯೂ ಹಾಗೆ ಮಾಡಿದರೆ ನನ್ನ ತಕರಾರಿಲ್ಲ. ಆದರೆ ಏನಾಗುತ್ತೆ ಗೊತ್ತಲ್ಲ. ‘ತರಗತಿಯಲ್ಲಿ ಮಾತೃಭಾಷೆ ನಿಷಿದ್ಧ’ ಅಂತ ಇಂಗ್ಲಿಷಿನಲ್ಲೇ ಹೇಳ್ತಾರೆ. ಕಷ್ಟದ ಜಾಗ ಬಂದ ಕೂಡಲೇ ಇಂಗ್ಲಿಷಿಗೆ ಜಾರ್ತಾರೆ. ಆಗ ನಿಷೇಧ ಆಗಿದ್ದು ಕನ್ನಡ, ತಮಿಳು, ಮರಾಠಿಗಳು ಮಾತ್ರ.

‘ಕೆಲಸ ಮಾಡಬೇಕಾದರೆ ಇಂಗ್ಲಿಷ್ ಬೇಕೇ ಬೇಕಲ್ಲ?’ ಬೇಕು, ಯಾರು ಬೇಡ ಅಂದರು? ಇಂಗ್ಲಿಷ್ ಕಲೀಲಿ. ಆದರೆ ಇಂಗ್ಲಿಷ್ ಕಲಿಯೋದು ಬೇರೆ, ಪ್ರತಿಯೊಂದನ್ನೂ ಇಂಗ್ಲಿಷ್ ಅನ್ನೋ ಟೋಲ್‌ಗೇಟಿನ ಮೂಲಕವೇ ದಾಟಬೇಕು ಅನ್ನೋದು ಬೇರೆ. ಆ ಟೋಲ್‌ಗೇಟಿನಲ್ಲಿ ದುಡ್ಡು ಇಲ್ಲದವನು ವಾಪಸ್ ಹೋಗ್ತಾನೆ. ಅವನು ಹೋಗಬೇಕಾಗಿದ್ದ ಊರಿಗೆ ಅವನ ಮನೆ ಹಿಂದಿನಿಂದಲೇ ಕಾಲುದಾರಿ ಇತ್ತು ಅನ್ನೋದು ಅವನಿಗೆ ತಿಳಿಯೋದೇ ಇಲ್ಲ.

ಕೊನೆಯದಾಗಿ ನಮ್ಮ ಮನೆಯೊಳಗಿನ ಮಾತು. ಫೇಸ್‌ಬುಕ್ಕಿನ ಲೈಕ್ ಬಟನ್ನು ಸ್ಪ್ಯಾನಿಷ್‌ನಲ್ಲಿ ‘ಮೆ ಗುಸ್ತಾ’ ಅಂತಲೇ ಇದೆ. ಅಂದರೆ ‘ನನಗೆ ಹಿಡಿಸುತ್ತೆ’. ಅಮೆರಿಕದಿಂದ ಬಂದ ಬಟನ್ನು ಅಂತ ಅವರು ತಮ್ಮ ವ್ಯಾಕರಣವನ್ನು ಬಗ್ಗಿಸಲಿಲ್ಲ. ಆ ಎರಡು ಪದವನ್ನೇ ಒಂದು ನಾಮಪದ ಮಾಡಿಕೊಂಡು ‘ಒಂದು ಮೆ ಗುಸ್ತಾ ಕೊಡು’ ಅಂತ ಆಡಿಕೊಳ್ತಾರೆ. ನಾವು? ‘ನಾನು ಈ ಹಾಡನ್ನು ಇಷ್ಟಪಡುತ್ತೇನೆ’, ‘ನೀವು ಇದನ್ನು ಇಷ್ಟಪಡಬಹುದು’ ಅಂತ ಬರೆಯೋಕೆ ಶುರು ಮಾಡಿದ್ದೀವಿ. ಇಷ್ಟಪಡು ತಪ್ಪು ಪದ ಅಲ್ಲ. ‘ಇಷ್ಟಪಟ್ಟು ಮದುವೆಯಾದರು’ ಅಂದರೆ ಅಲ್ಲಿ ಮನಸ್ಸು ಮಾಡಿದ್ದಾರೆ, ಅಲ್ಲಿ ‘ನಾನು’ ಬೇಕು. ಆದರೆ ಬೆಳಗಿನ ಕಾಫಿಯನ್ನು ಯಾರೂ ಇಷ್ಟಪಡೋಕೆ ಕೂರಲ್ಲ, ಕಾಫಿ ಇಷ್ಟವಾಗುತ್ತೆ. ಮಾಡಿದ್ದಕ್ಕೂ ಆಗಿದ್ದಕ್ಕೂ ಕನ್ನಡ ಬೇರೆ ಬೇರೆ ಬಾಗಿಲು ಇಟ್ಟಿದೆ. ಸ್ಪ್ಯಾನಿಷ್ ಕೂಡ ಇಟ್ಟಿದೆ. ‘ಒದ್ಯೊ’ ಅಂದರೆ ನಾನು ದ್ವೇಷಿಸ್ತೀನಿ, ಅಲ್ಲಿ ಕರ್ತೃ ನಾನೇ. ‘ನೊ ಮೆ ಗುಸ್ತಾ’ ಅಂದರೆ ನನಗೆ ಹಿಡಿಸಲ್ಲ, ಅದು ನನಗೆ ಆಗೋದು. ಎರಡನೇ ಬಾಗಿಲನ್ನು ನಾವು ಇಂಗ್ಲಿಷ್ ಹಾಗಿಲ್ಲ ಅನ್ನೋ ಕಾರಣಕ್ಕೆ ಮುಚ್ಚಿಕೊಂಡರೆ ನಮ್ಮ ಮಕ್ಕಳಿಗೆ ಗುಸ್ತಾರ್ ನಿಜವಾಗಿಯೂ ಉಲ್ಟಾ ಕಾಣುತ್ತೆ. ಆಗ ಮೇಷ್ಟ್ರನ್ನು ಬೈಯೋಕೂ ನನಗೆ ಬಾಯಿ ಇರಲ್ಲ.

ಬಾಯಿ ಅಂದಾಗ ನೆನಪಾಯ್ತು, ಅವತ್ತು ನಾನೂ ಬಾಯಿ ತೆಗೀಲಿಲ್ಲ. ಅವನು ‘ಯೊ ಗುಸ್ತೊ’ ಅಂದಾಗ ನಕ್ಕವರಲ್ಲಿ ನಾನೂ ಒಬ್ಬ. ನನಗೆ ಇಂಗ್ಲಿಷ್ ಚೆನ್ನಾಗಿ ಬರ್ತಿತ್ತು, ಬಾಣಗಳು ಹೇಗೋ ಅರ್ಥ ಆಗಿದ್ದವು, ಪಾಸಾದೆ. ಅರ್ಥ ಆಗಿದ್ದು ಬಾಣಗಳು ಮಾತ್ರ ಅಂತ ಗೊತ್ತಾಗೋಕೆ ಎರಡು ವರ್ಷ ಬೇಕಾಯ್ತು. ಮಾತಾಡುವಾಗ ಪ್ರತಿ ಸಲ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಅದನ್ನು ತಿರುಗಿಸಿ, ಆಮೇಲೆ ಬಾಯಿ ಬಿಡ್ತಿದ್ದೆ. ಒಂದು ದಿನ ಊರಿಂದ ಅಮ್ಮ ಫೋನಿನಲ್ಲಿ ‘ನಿಂಗೆ ಆ ಹುಳಿ ಹಿಡಿಸ್ತಾ?’ ಅಂತ ಕೇಳಿದಾಗ ‘ತೆ ಗುಸ್ತೊ’ ಅಂತ ಥಟ್ಟನೆ ತಲೆಯಲ್ಲಿ ಬಂತು, ಯಾವ ಬಾಣವೂ ಇಲ್ಲದೆ. ಆವತ್ತೇ ಟೀ ಅಂಗಡಿಯ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು.

ಅವನ ನಂಬರು ಈಗ ನನ್ನ ಹತ್ತಿರ ಇಲ್ಲ. ಅವನು ಆ ವಿಭಾಗಕ್ಕೆ ಹೋದನೋ ಇಲ್ಲವೋ ತಿಳೀದು. ಸ್ಪ್ಯಾನಿಷ್ ಸುಮಾರು 20 ದೇಶಗಳ ಅಧಿಕೃತ ಭಾಷೆ, ಬೆಂಗಳೂರಿನಲ್ಲಿ ಅದನ್ನು ಕಲಿಯೋಕೆ ಈಗಲೂ ಹುಡುಗರು, ಹುಡುಗಿಯರು ಆಫೀಸು ಮುಗಿಸಿಕೊಂಡು ಬಸ್ಸು ಹತ್ತುತ್ತಿದ್ದಾರೆ. ಅವರಿಗೆ ಕಲಿಸೋರಲ್ಲಿ ನನ್ನದೊಂದು ಕೇಳಿಕೆ. ಗುಸ್ತಾರ್ ಪಾಠದ ದಿನ ಬೋರ್ಡಿನ ಮೇಲೆ ಆ ಇಂಗ್ಲಿಷ್ ಸಾಲು ಬರೀಬೇಡಿ. ಹಿಂದಿನ ಬೆಂಚಿನಲ್ಲಿ, ಇಂಗ್ಲಿಷ್ ಕಮ್ಮಿ ಅಂತ ಮುದುಡಿ ಕೂತಿರೋ ಒಬ್ಬರನ್ನು ಎಬ್ಬಿಸಿ, ಮಾವಿನಹಣ್ಣಿನ ಬಗ್ಗೆ ಅವರ ಮನೆಮಾತಿನಲ್ಲಿ ಒಂದು ವಾಕ್ಯ ಹೇಳಿಸಿ. ಬೋರ್ಡಿನ ಮೇಲೆ ಆ ವಾಕ್ಯವನ್ನೇ ಬರೀರಿ. ‘ಮೆ ಗುಸ್ತಾನ್ ಲೋಸ್ ಮಾಂಗೋಸ್’ ಅನ್ನೋದನ್ನು ಅದರ ಕೆಳಗೆ ಬರೀರಿ.